ಮದ್ದು ತೂಗುವ ತ್ರಾಸು

ಕಳೆದ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಡೊಂಬಿವಲಿಯ ನಮ್ಮ ಮನೆಯಲ್ಲಿ ನೀರುದೋಸೆಯ ಕಾವಲಿ ಇನ್ನೂ ಒಲೆಯ ಮೇಲೇ ಇತ್ತು. ಹ್ಯೂಸ್ಟನ್ನಿನಲ್ಲಿರುವ ಅಕ್ಕನ ಮಗ ವಿಡಿಯೋ ಕಾಲ್ ಮಾಡಿದ. ಅಲ್ಲಿ ಶನಿವಾರ ರಾತ್ರಿ.

"ಮಾವ, ಮದ್ದು ತೂಗ್ಲಿಕ್ಕೆ ಒಂದು ಒಳ್ಳೆ ಸ್ಕೇಲ್ ಬೇಕಿತ್ತು. ಯಾವುದು ತಗೊಳ್ಳಲಿ?"

ನನಗೆ ಎದೆ ಧಸಕ್ಕೆಂದಿತು. "ಯಾರಿಗೆ ಹುಷಾರಿಲ್ಲ ಮಾರಾಯ? ಮಗುವಿಗಾ?"

"ಅಯ್ಯೋ, ಆ ಮದ್ದಲ್ಲ ಮಾವ. ಕೋವಿ ಮದ್ದು."

ಕಾವಲಿಯ ಮುಂದಿದ್ದ ನನ್ನ ಹೆಂಡತಿ ತಿರುಗಿ ನೋಡಿದಳು. ನಮ್ಮೂರ ಕಡೆ ಕಾಯಿಲೆ ವಾಸಿ ಮಾಡುವುದಕ್ಕೂ ಮದ್ದೇ, ಕೋವಿಗೆ ತುಂಬುವುದಕ್ಕೂ ಮದ್ದೇ. ಎರಡರಲ್ಲೂ ಅಳತೆ ತಪ್ಪಿದರೆ ಜೀವಕ್ಕೆ ಕುತ್ತು ಎನ್ನುವುದು ಒಂದೇ ಹೆಸರಿಟ್ಟವರಿಗೆ ಗೊತ್ತಿತ್ತೋ ಏನೋ.

ವಿಷಯ ಇಷ್ಟೆ. ಅವನು ಅಲ್ಲಿನ ಒಂದು ಗುರಿ ಅಭ್ಯಾಸದ ಕ್ಲಬ್ಬಿಗೆ ಸೇರಿದ್ದಾನೆ. ಅಲ್ಲಿಯವರು ಹಾರಿಸಿದ ತೋಟೆಯ ಹಿತ್ತಾಳೆ ಕವಚವನ್ನು ಎಸೆಯದೆ ಎತ್ತಿಟ್ಟು, ಅದಕ್ಕೆ ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಕೂರಿಸಿ ಮತ್ತೆ ಬಳಸುತ್ತಾರಂತೆ. ಅಲ್ಲಿ ಅದು ಕಾನೂನಿನೊಳಗಿನ ಹವ್ಯಾಸ. ಇವನಿಗೂ ಆಸೆ ಹುಟ್ಟಿದೆ. ನಲವತ್ತು ವರ್ಷ ಮುಂಬಯಿಯಲ್ಲಿ ತೂಕದ ಯಂತ್ರ ರಿಪೇರಿ ಮಾಡಿದ ಸೋದರಮಾವ ಇರುವಾಗ ಬೇರೆಯವರನ್ನು ಯಾಕೆ ಕೇಳಬೇಕು?

ಓದುಗರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಇದನ್ನು ಮನೆಯಲ್ಲಿ ಮಾಡುವ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರಕಾರ 2029ರವರೆಗೆ ಮುಂದುವರಿಸಿದೆ. ಆದರೆ ಅದು ಕೋವಿ ಇಟ್ಟುಕೊಳ್ಳುವ ಮಾತು, ಮನೆಯಲ್ಲಿ ತೋಟೆ ಕಟ್ಟುವ ಮಾತಲ್ಲ. ಹಾಗಾದರೆ ಮುಂಬಯಿಯಲ್ಲಿ ಕೂತು ಇದನ್ನು ಓದಿ ಏನು ಪ್ರಯೋಜನ ಎಂದು ಕೇಳಬಹುದು. ಮದ್ದು ತೂಗುವ ತ್ರಾಸಿಗೂ ಚಿನ್ನ ತೂಗುವ ತ್ರಾಸಿಗೂ ಹೆಚ್ಚು ವ್ಯತ್ಯಾಸವಿಲ್ಲ. ಚಿನ್ನದಂಗಡಿಗೆ ಹೋಗದ ಮುಂಬಯಿ ಕನ್ನಡಿಗರು ಎಷ್ಟು ಮಂದಿ ಇದ್ದೀರಿ?

ಅವನಿಗೆ ಉತ್ತರ ಕೊಡುವ ಮೊದಲು ನನಗೆ ನೆನಪಾದದ್ದು ನನ್ನ ಸೋದರಮಾವ.

ಸುಳ್ಯದ ಹತ್ತಿರ ಅವರದು ಅಡಿಕೆ ತೋಟ. ಹಂದಿ, ಮಂಗಗಳ ಕಾಟಕ್ಕೆ ಬೆಳೆ ರಕ್ಷಣೆಯ ಲೈಸೆನ್ಸಿನ ಮೇಲೆ ಒಂದು ಕೇಪಿನ ಕೋವಿ ಇತ್ತು. ಬಾಯಿಯಿಂದ ಮದ್ದು ತುಂಬುವ ಒಂಟಿ ನಳಿಗೆಯದು. ಚುನಾವಣೆ ಬಂದಾಗ ಅದನ್ನು ಹೆಗಲಿಗೇರಿಸಿ ಠಾಣೆಗೆ ಒಪ್ಪಿಸಿ ಬರುವುದು, ಚುನಾವಣೆ ಮುಗಿದ ಮೇಲೆ ತರುವುದು ಅವರಿಗೊಂದು ಹಬ್ಬ. ಮಾವ ತ್ರಾಸು ಹಿಡಿದವರಲ್ಲ. ಬಿದಿರಿನ ಸಣ್ಣ ಅಂಡೆಯೊಂದಿತ್ತು, ಹೆಬ್ಬೆರಳ ಗಾತ್ರದ್ದು. ಅದರ ತುಂಬ ಕರಿಮದ್ದು, ಮೇಲೆ ತೆಂಗಿನ ನಾರು, ಆಮೇಲೆ ಚರೆ, ಮತ್ತೆ ನಾರು. ಕಬ್ಬಿಣದ ಸರಳಿನಿಂದ ಜಡಿದರೆ ಆಯಿತು. ಆ ಸರಳಿನ ಮೇಲೆ ಅರದಿಂದ ಗೀರಿದ ಎರಡು ಗುರುತುಗಳಿದ್ದವು. ಖಾಲಿ ನಳಿಗೆಗೆ ಸರಳು ಇಳಿಸಿದರೆ ಒಂದು ಗುರುತು ಬಾಯಿಯ ಸಮಕ್ಕೆ ಬರಬೇಕು, ತುಂಬಿದ ನಳಿಗೆಗೆ ಇಳಿಸಿದರೆ ಇನ್ನೊಂದು. ಕೋವಿ ತುಂಬಿದೆಯೋ ಇಲ್ಲವೋ ಎಂದು ತಿಳಿಯಲು ಅಷ್ಟು ಸಾಕು.

ನನಗೆ ಹನ್ನೆರಡು ವರ್ಷವಿದ್ದಾಗಿನ ಮಾತು. ಸಂಜೆ ಮಾವ ಕೋವಿ ತುಂಬಿಸಿ ಜಗಲಿಯ ಮೂಲೆಗೆ ಒರಗಿಸಿದ್ದರು. ಅಷ್ಟರಲ್ಲಿ ಯಾರೋ ನೆಂಟರು ಬಂದರು. ಊಟ, ಮಾತು ಎಲ್ಲ ಆಯಿತು. ರಾತ್ರಿ ತೋಟದಲ್ಲಿ ಹಂದಿಯ ಸದ್ದು. ಚಿಮಿಣಿ ದೀಪದ ಬೆಳಕಿನಲ್ಲಿ ಮಾವ ಮತ್ತೊಮ್ಮೆ ತುಂಬಿದರು. ಅಂಡೆಯ ಅಳತೆ ಸರಿಯಾಗಿಯೇ ಇತ್ತು, ಎರಡೂ ಸಲ. ಸರಳಿನ ಗುರುತು ನೋಡಲಿಲ್ಲ. ನಳಿಗೆ ಬುಡದಲ್ಲಿ ಸೀಳಿತು. ಎಡಗೈಯ ಎರಡು ಬೆರಳು ಹೋದವು. ಜೀವ ಉಳಿದದ್ದು ನಮ್ಮ ಪುಣ್ಯ. ಆಮೇಲೆ ಅಡಿಕೆ ಸುಲಿಯುವಾಗಲೆಲ್ಲ ಮಾವ ಹೇಳುತ್ತಿದ್ದರು: "ಗುರುತು ನಾನೇ ಕೊರೆದದ್ದು ಮಾರಾಯ, ನಾನೇ ನೋಡಲಿಲ್ಲ."

ಈ ಕತೆ ಅಕ್ಕನ ಮಗನಿಗೂ ಗೊತ್ತು. "ಅದು ಹಳೇ ಕಾಲ ಮಾವ, ಈಗ ಎಲ್ಲ ಡಿಜಿಟಲ್" ಎಂದ. ಆನ್‌ಲೈನಿನಲ್ಲಿ ಒಂದು ಪಾಕೆಟ್ ಸ್ಕೇಲ್ ನೋಡಿಟ್ಟಿದ್ದಾನೆ, 0.01 ಗ್ರಾಂ ತೋರಿಸುತ್ತದೆ, ಬೆಲೆಯೂ ಕಡಿಮೆ. ಸಾಕಲ್ಲವೇ?

ಸಾಲದು. ಯಾಕೆಂದು ಲೆಕ್ಕ ಹಾಕಿ ತೋರಿಸಿದೆ.

ಅಲ್ಲಿ ಮದ್ದನ್ನು ಗ್ರೇನ್ ಲೆಕ್ಕದಲ್ಲಿ ತೂಗುತ್ತಾರೆ. ಗ್ರೇನ್ ಎಂದರೆ ಕಾಳು, ಹಿಂದೆ ಧಾನ್ಯದ ಕಾಳಿನಿಂದ ಬಂದ ಅಳತೆ. ಒಂದು ಗ್ರೇನಿಗೆ ಸುಮಾರು 64.8 ಮಿಲಿಗ್ರಾಂ. ಇದು ನಮಗೇನೂ ಪರದೇಶಿಯಲ್ಲ. ನಮ್ಮ ಅಜ್ಜಿಯಂದಿರು ಹೇಳುತ್ತಿದ್ದ ತೊಲವನ್ನು ಬ್ರಿಟಿಷರು ನಿಗದಿ ಮಾಡಿದ್ದು 180 ಗ್ರೇನ್ ಎಂದೇ. ಅದೇ ಇವತ್ತಿನ 11.66 ಗ್ರಾಂ. ತೊಲಕ್ಕೆ 96 ಗುಲಗಂಜಿ ಎಂದು ಹಿಡಿದರೆ ಒಂದು ಗುಲಗಂಜಿಗೆ ಸುಮಾರು 121 ಮಿಲಿಗ್ರಾಂ, ಎರಡು ಗ್ರೇನಿಗಿಂತ ಸ್ವಲ್ಪ ಕಡಿಮೆ.

ಇವನ ಪಿಸ್ತೂಲಿನ ಒಂದು ತೋಟೆಗೆ ಬೇಕಾಗುವ ಮದ್ದು ಐದು ಗ್ರೇನಿನ ಆಸುಪಾಸು. ಅಂದರೆ 324 ಮಿಲಿಗ್ರಾಂ. ಮೂರು ಗುಲಗಂಜಿಯೂ ಆಗಲಿಲ್ಲ! ಅದು ಮಾವನ ಕರಿಮದ್ದಲ್ಲ, ಹೊಗೆ ಕಡಿಮೆಯಿರುವ ಈಗಿನ ಮದ್ದು. ಸ್ವಲ್ಪ ಹೆಚ್ಚಾದರೂ ನಳಿಗೆಯೊಳಗಿನ ಒತ್ತಡ ಎಲ್ಲಿಗೋ ಏರುತ್ತದೆ. ತೀರ ಕಡಿಮೆಯಾದರೂ ಕಷ್ಟ. ಗುಂಡು ನಳಿಗೆಯ ಅರ್ಧಕ್ಕೇ ಸಿಕ್ಕಿಕೊಂಡು, ಗೊತ್ತಾಗದೆ ಮತ್ತೊಂದು ಹಾರಿಸಿದರೆ ಕೈಯಲ್ಲೇ ಸಿಡಿಯಬಹುದು. ಹಾಗಾಗಿ ಮದ್ದಿನ ತ್ರಾಸು ಗ್ರೇನಿನ ಹತ್ತನೇ ಒಂದು ಭಾಗವನ್ನು, ಅಂದರೆ ಆರೂವರೆ ಮಿಲಿಗ್ರಾಮನ್ನು, ಸರಿಯಾಗಿ ಹೇಳಬೇಕು. 0.01 ಗ್ರಾಮಿನ ಸ್ಕೇಲಿನಲ್ಲಿ ಒಂದು ಅಂಕಿ ಜಿಗಿದರೆ ಹತ್ತು ಮಿಲಿಗ್ರಾಂ. ನೆಲ್ಲು ತೂಗುವ ಕಾಟಾದಲ್ಲಿ ಕೇಸರಿ ತೂಗಿದ ಹಾಗೆ.

"ಹಾಗಾದರೆ 0.001 ತೋರಿಸುವುದು ತಗೊಳ್ತೇನೆ" ಎಂದ. ಅಲ್ಲೇ ಎಲ್ಲರೂ ಜಾರುವುದು. ಪರದೆಯ ಮೇಲೆ ಮೂರು ಅಂಕಿ ಇದ್ದ ಮಾತ್ರಕ್ಕೆ ಮೂರೂ ನಿಜವಲ್ಲ. ಅಂಕಿ ತೋರಿಸುವುದು ಬೇರೆ, ಸರಿಯಾಗಿ ತೂಗುವುದು ಬೇರೆ. ಒಂದೇ ವಸ್ತುವನ್ನು ಹತ್ತು ಸಲ ಇಟ್ಟು ತೆಗೆದರೆ ಹತ್ತು ಸಲವೂ ಅದನ್ನೇ ಹೇಳುವುದು ಇನ್ನೂ ಬೇರೆ. ನಾನು ಯಾವ ಸ್ಕೇಲನ್ನಾದರೂ ಮೊದಲು ನೋಡುವುದು ಈ ಮೂರನೆಯದನ್ನು. ಯಾವಾಗಲೂ ಐದು ಮಿಲಿಗ್ರಾಂ ಹೆಚ್ಚು ಹೇಳುವ ಸ್ಕೇಲನ್ನು ಸರಿಪಡಿಸಬಹುದು. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಹೇಳುವುದನ್ನು ಏನು ಮಾಡುತ್ತೀರಿ?

ಅಗ್ಗದ ಡಿಜಿಟಲ್ ಸ್ಕೇಲಿಗೆ ಇನ್ನೊಂದು ಚಾಳಿಯಿದೆ. ಸೊನ್ನೆ ಅಲುಗಾಡದ ಹಾಗೆ ಅದು ತನ್ನಷ್ಟಕ್ಕೆ ಸೊನ್ನೆಯನ್ನು ಸರಿಪಡಿಸಿಕೊಳ್ಳುತ್ತಿರುತ್ತದೆ. ತಟ್ಟೆಗೆ ಒಂದೊಂದೇ ಚಿಟಿಕೆ ನಿಧಾನವಾಗಿ ಉದುರಿಸಿದರೆ, ಗಾಳಿಯ ಅಲುಗಾಟವೇ ಇರಬೇಕು ಎಂದುಕೊಂಡು ಅದನ್ನು ನುಂಗಿಬಿಡುತ್ತದೆ. ನಾಲ್ಕು ಚಿಟಿಕೆ ಬಿದ್ದರೂ ಪರದೆಯ ಮೇಲೆ ಸೊನ್ನೆ. ಹೊರಗೆ ತೂಗಿದ ಮೇಲೆ ಒಮ್ಮೆ ತಟ್ಟೆಯನ್ನು ಎತ್ತಿ ಮತ್ತೆ ಇಟ್ಟು ನೋಡಿದರೆ ಮಾತ್ರ ನಿಜ ಹೊರಬರುತ್ತದೆ. ಮದ್ದನ್ನು ಉದುರಿಸಿ ಉದುರಿಸಿ ತೂಗುವವರಿಗೆ ಇದು ಗೊತ್ತಿರಲೇಬೇಕು.

ಇನ್ನು ಫ್ಯಾನು, ಎಸಿಯ ಗಾಳಿ, ಓರೆಯಾದ ಮೇಜು, ಪಕ್ಕದಲ್ಲಿಟ್ಟ ಮೊಬೈಲು, ಒಣ ಹವೆಯಲ್ಲಿ ಪ್ಲಾಸ್ಟಿಕ್ ತಟ್ಟೆ ಹಿಡಿಯುವ ಸ್ಥಿರ ವಿದ್ಯುತ್ತು, ಇವೆಲ್ಲ ತೂಕವನ್ನು ಅಲುಗಿಸುತ್ತವೆ. ಊರು ಬದಲಾದರೂ ತೂಕ ಬದಲಾಗುತ್ತದೆ ಎಂದರೆ ನಂಬುತ್ತೀರಾ? ಲೋಡ್ ಸೆಲ್ ಇರುವ ಸ್ಕೇಲು ಅಳೆಯುವುದು ಭೂಮಿ ಎಳೆಯುವ ಬಲವನ್ನು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಸಮಭಾಜಕ ವೃತ್ತಕ್ಕೂ ಮುಂಬಯಿಗಿಂತ ಹತ್ತಿರ. ಹಾಗಾಗಿ ಅಲ್ಲಿ ಸೆಳೆತ ಒಂದು ಕೂದಲಷ್ಟು ಕಡಿಮೆ. ಬೆಂಗಳೂರಿನಲ್ಲಿ ಹೊಂದಿಸಿದ ಸ್ಕೇಲನ್ನು ಹಾಗೇ ತಂದು ಮುಂಬಯಿಯಲ್ಲಿ ಇಟ್ಟರೆ 100 ಗ್ರಾಮಿಗೆ ಸುಮಾರು 60 ಮಿಲಿಗ್ರಾಂ ಹೆಚ್ಚು ತೋರಿಸುತ್ತದೆ. ಇವನ ಐದು ಗ್ರೇನಿಗೆ ಅದು ಲೆಕ್ಕಕ್ಕೆ ಬರುವುದಿಲ್ಲ, ಚಿನ್ನದವರಿಗೆ ಬರುತ್ತದೆ. ಎರಡು ತಟ್ಟೆಯ ತ್ರಾಸಿಗಾದರೆ ಈ ತೊಂದರೆಯಿಲ್ಲ. ಬಟ್ಟನ್ನೂ ವಸ್ತುವನ್ನೂ ಭೂಮಿ ಒಂದೇ ರೀತಿ ಎಳೆಯುತ್ತದೆ. ಅದರ ತೋಳು ಸಮನಿದೆಯೇ ಎಂದು ತಿಳಿಯಲು ವಸ್ತುವನ್ನೂ ಬಟ್ಟನ್ನೂ ಅದಲುಬದಲು ಮಾಡಿದರೆ ಸಾಕು.

ಇಷ್ಟು ಹೇಳುವಾಗ ಅವನು ಕೇಳಿದ: "ಇಷ್ಟೆಲ್ಲ ಗೊತ್ತಿದ್ದ ನಿಮ್ಮ ಕೈಯಿಂದ ಯಾವತ್ತೂ ತಪ್ಪಾಗಿಲ್ವಾ ಮಾವ?"

ಆಗಿದೆ. ಅವನಿಗೆ ಹೇಳಿದೆ. ನಿಮಗೂ ಹೇಳುತ್ತೇನೆ.

ನಾನು ಮುಂಬಯಿಗೆ ಬಂದದ್ದು ಫೋರ್ಟಿನ ಒಂದು ಕ್ಯಾಂಟೀನಿಗೆ, ಕಪ್ಪುಬಸಿ ತೊಳೆಯಲು. ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮೆಟ್ರಿಕ್ ಮುಗಿಸಿದ ಮೇಲೆ ನಾಗದೇವಿ ಬೀದಿಯ ಹತ್ತಿರ ತೂಕದ ಯಂತ್ರಗಳ ಒಂದು ಅಂಗಡಿಯಲ್ಲಿ ಹೆಲ್ಪರ್ ಆಗಿ ಸೇರಿದೆ. ಮೊದಲು ತ್ರಾಸಿನ ಕತ್ತಿಯಂಚು ಹರಿತ ಮಾಡುವುದು, ಬಟ್ಟಿಗೆ ಸೀಸ ತುಂಬುವುದು ಕಲಿತೆ. ಆಮೇಲೆ ಎಲೆಕ್ಟ್ರಾನಿಕ್ ಸ್ಕೇಲುಗಳು ಬಂದವು. ಅದನ್ನೂ ಕಲಿತೆ.

1996ರ ಮಳೆಗಾಲ. ಜವೇರಿ ಬಜಾರಿನ ಒಂದು ಹಳೆ ಕಟ್ಟಡದ ಮೂರನೇ ಮಹಡಿಯಲ್ಲಿ ಒಡವೆ ಮಾಡುವ ಕಾರ್ಖಾನೆ. ಒಂದೇ ಕೋಣೆಯಲ್ಲಿ ಹದಿನೈದು ಮಂದಿ ಕಾರೀಗರರು, ಹೆಚ್ಚಿನವರು ಬಂಗಾಳದ ಹುಡುಗರು. ಬೆಳಿಗ್ಗೆ ಸೇಠರು ಪ್ರತಿಯೊಬ್ಬನಿಗೂ ಚಿನ್ನ ತೂಗಿ ಕೊಡುತ್ತಾರೆ. ಸಂಜೆ ಮಾಡಿದ ಒಡವೆ, ಉಳಿದ ತುಂಡು, ಅರದ ಪುಡಿ ಎಲ್ಲವನ್ನೂ ತೂಗಿ ವಾಪಸು ತೆಗೆದುಕೊಳ್ಳುತ್ತಾರೆ. ಸವಕಳಿಗೆ ಇಷ್ಟು ಎಂದು ಬಿಡುತ್ತಾರೆ. ಅದಕ್ಕಿಂತ ಕಡಿಮೆ ಬಂದರೆ ಕೂಲಿಯಿಂದ ಕಡಿತ. ಅಲ್ಲಿ ನೆಲ ಗುಡಿಸಿದ ಕಸವನ್ನೂ ಎಸೆಯುವುದಿಲ್ಲ. ಅದನ್ನು ಕೊಂಡು ತೊಳೆದು ಚಿನ್ನ ಹುಡುಕಿ ಬದುಕುವವರೇ ಇದ್ದಾರೆ.

ಅವರ ಸ್ಕೇಲು ಹೊಂದಿಸಲು ನನ್ನನ್ನು ಕಳಿಸಿದ್ದರು. ಬೆಳಿಗ್ಗೆ ಹತ್ತು ಗಂಟೆ, ಸೇಠರಿಗೆ ಅವಸರ, ಹುಡುಗರು ಸಾಲಾಗಿ ಕೂತು ಕಾಯುತ್ತಿದ್ದಾರೆ. ರಾತ್ರಿಯಿಡೀ ಆರಿಸಿಟ್ಟಿದ್ದ ಸ್ಕೇಲನ್ನು ಹಾಕಿದೆ. ಅಂಥ ಸ್ಕೇಲು ಬೆಚ್ಚಗಾಗಲು ಅರ್ಧ ಗಂಟೆ, ಒಂದು ಗಂಟೆ ಬೇಕು. ನಾನು ಐದು ನಿಮಿಷಕ್ಕೆ ಬಟ್ಟು ಇಟ್ಟು ಹೊಂದಿಸಿ, ಚೀಟಿ ಅಂಟಿಸಿ, ಚಹಾ ಕುಡಿದು ಇಳಿದುಬಂದೆ. ನನಗೆ ಇನ್ನೂ ಮೂರು ಅಂಗಡಿಗಳಿದ್ದವು.

ಎರಡು ತಿಂಗಳ ಮೇಲೆ ಮತ್ತೆ ಕರೆ ಬಂತು. ಎಲ್ಲ ಹುಡುಗರ ಲೆಕ್ಕದಲ್ಲೂ ದಿನಾ ಸಂಜೆ ಸ್ವಲ್ಪ ಕಡಿಮೆ ಬರುತ್ತಿದೆಯಂತೆ. ನಾನು ಸಂಜೆ ಹೋಗಿ 100 ಗ್ರಾಮಿನ ಬಟ್ಟು ಇಟ್ಟೆ. 99.96. ಬೆಳಿಗ್ಗೆ ತಣ್ಣಗಿರುವಾಗ ಇಟ್ಟರೆ ಸರಿಯಾಗಿ ನೂರು. ನನಗೆ ನಿಂತಲ್ಲೇ ಅರ್ಥವಾಯಿತು. ಸ್ಕೇಲು ತಣ್ಣಗಿದ್ದಾಗ ನಾನು ಹೊಂದಿಸಿದ್ದೆ. ಬೆಳಿಗ್ಗೆ ಕೊಡುವಾಗ ಸರಿ, ದಿನವಿಡೀ ಬೆಚ್ಚಗಾಗಿ ಸಂಜೆ ತೆಗೆದುಕೊಳ್ಳುವಾಗ ಕಡಿಮೆ. ನೂರು ಗ್ರಾಮಿನ ಮೇಲೆ ದಿನಕ್ಕೆ 40 ಮಿಲಿಗ್ರಾಂ. 25 ದಿನಕ್ಕೆ ಒಂದು ಗ್ರಾಂ. ಆಗ ಚಿನ್ನ ಗ್ರಾಮಿಗೆ ಐನೂರು ರೂಪಾಯಿಯ ಆಸುಪಾಸು.

"ಮೊದಲು ಒಬ್ಬನದೇ ಕಡಿಮೆ ಬರುತ್ತಿದೆ ಅಂದುಕೊಂಡಿದ್ದೆವು" ಎಂದರು ಸೇಠರು. "ಅವನ ಕೆಲಸ ಜಾಸ್ತಿ, ಚಿನ್ನವೂ ಜಾಸ್ತಿ ಕೊಡುತ್ತಿದ್ದೆವು. ಕಳ್ಳ ಎಂದು ಓಡಿಸಿದೆವು."

ಆ ಹುಡುಗನ ಮುಖ ನನಗೆ ನೆನಪಿತ್ತು. ಮೊದಲ ಸಲ ಹೋದಾಗ ನನಗೆ ಚಹಾ ತಂದುಕೊಟ್ಟವನು ಅವನೇ. ಒಳ್ಳೆಯ ಕೈಕೆಲಸದವನಾದ್ದರಿಂದ ಹೆಚ್ಚು ಚಿನ್ನ ಅವನ ಕೈಗೆ ಬರುತ್ತಿತ್ತು, ಹೆಚ್ಚು ಚಿನ್ನ ಬಂದದ್ದರಿಂದ ಹೆಚ್ಚು ಕೊರತೆ ಕಂಡಿತು.

ನಾನು ಸೇಠರಿಗೆ ಹೇಳಿದೆ: ತಪ್ಪು ಸ್ಕೇಲಿನದು, ಹುಡುಗರದ್ದಲ್ಲ. ಅಷ್ಟು ಹೇಳಿದೆ. ಯಾಕೆ ಹೀಗಾಯಿತು ಎಂದು ಕೇಳಿದಾಗ "ಮಳೆಗಾಲದ ತೇವ" ಎಂದೆ. ನನ್ನ ಐದು ನಿಮಿಷದ ಮಾತು ಬಾಯಿಂದ ಹೊರಡಲಿಲ್ಲ. ಕೆಲಸ ಹೋಗುತ್ತದೆಂಬ ಹೆದರಿಕೆ. ಊರಿಗೆ ಹಣ ಕಳಿಸಬೇಕಿತ್ತು, ತಂಗಿಯ ಮದುವೆ ಎದುರಿಗಿತ್ತು. ಉಳಿದ ಹುಡುಗರ ಕಡಿತದ ಹಣವನ್ನು ಸೇಠರು ಮರಳಿ ಕೊಟ್ಟರು ಎಂದು ಆಮೇಲೆ ಕೇಳಿದೆ. ಹೋದ ಹುಡುಗ ಎಲ್ಲಿಗೆ ಹೋದನೋ ಯಾರಿಗೂ ಗೊತ್ತಿರಲಿಲ್ಲ. ಆ ಬೀದಿಯಲ್ಲಿ ಕಳ್ಳ ಎನಿಸಿಕೊಂಡವನಿಗೆ ಇನ್ನೊಂದು ಕಡೆ ಕೆಲಸ ಸಿಗುವುದು ಎಷ್ಟು ಕಷ್ಟ ಎಂಬುದು ಮಾತ್ರ ನನಗೆ ಗೊತ್ತಿತ್ತು.

ಆ ಕಾರ್ಖಾನೆಯ ಕಪಾಟಿನಲ್ಲಿ ಒಂದು 100 ಗ್ರಾಮಿನ ಬಟ್ಟು ಇತ್ತು. ಯಾರಾದರೂ ಒಂದು ಸಂಜೆ ಅದನ್ನು ತೆಗೆದು ತಟ್ಟೆಯ ಮೇಲೆ ಇಟ್ಟಿದ್ದರೆ ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು. ಮಾವನ ಸರಳಿನ ಗುರುತಿನ ಹಾಗೆ.

ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ನಿಧಾನವಾಗಿ, "ಸರಿ ಮಾವ, ನಾನು ಏನು ತಗೊಳ್ಳಲಿ ಹೇಳಿ" ಎಂದ. ಹೇಳಿದೆ. ಕ್ರಮವಾಗಿ ಇಲ್ಲಿ ಬರೆಯುತ್ತೇನೆ. ಚಿನ್ನವೋ ಔಷಧವೋ ತೂಗುವವರಿಗೂ ಇದು ಅನ್ವಯಿಸುತ್ತದೆ.

ಮೊದಲು ಕೊಳ್ಳಬೇಕಾದದ್ದು ಸ್ಕೇಲಲ್ಲ, ಬಟ್ಟು. ಒಳ್ಳೆಯ ದರ್ಜೆಯ ಸಣ್ಣ ಬಟ್ಟುಗಳ ಒಂದು ಪೆಟ್ಟಿಗೆ. ಎಂ1 ದರ್ಜೆಯ 20 ಗ್ರಾಮಿನ ಬಟ್ಟಿನಲ್ಲಿ ಎರಡೂವರೆ ಮಿಲಿಗ್ರಾಂ ಹೆಚ್ಚುಕಡಿಮೆ ಇರಬಹುದು, ಎಫ್2 ದರ್ಜೆಯದ್ದರಲ್ಲಿ 0.8 ಮಿಲಿಗ್ರಾಂ ಮಾತ್ರ. ಸ್ಕೇಲಿನ ಜೊತೆ ಉಚಿತವಾಗಿ ಬರುವ ಬಟ್ಟನ್ನು ಕಣ್ಣುಮುಚ್ಚಿ ನಂಬಬೇಡ. ನೀನು ತೂಗುವ ತೂಕದ ಹತ್ತಿರದ ಬಟ್ಟೇ ಬೇಕು. 300 ಮಿಲಿಗ್ರಾಂ ತೂಗುವವನು 100 ಗ್ರಾಮಿನ ಬಟ್ಟಿನಿಂದ ಮಾತ್ರ ಪರೀಕ್ಷೆ ಮಾಡಿದರೆ ಏನೂ ತಿಳಿಯುವುದಿಲ್ಲ. ಬಟ್ಟನ್ನು ಬೆರಳಿನಿಂದ ಮುಟ್ಟದೆ ಚಿಮಟದಿಂದ ಎತ್ತು. ಬೆರಳ ಜಿಡ್ಡಿಗೂ ತೂಕವಿದೆ.

ಆಮೇಲೆ ಸ್ಕೇಲು. ಅವಸರವಿಲ್ಲದಿದ್ದರೆ ತೋಳಿನ ತ್ರಾಸೇ ಒಳ್ಳೆಯದು. ಅದಕ್ಕೆ ಬ್ಯಾಟರಿ ಬೇಡ, ಬೆಚ್ಚಗಾಗಬೇಕಿಲ್ಲ. ಕತ್ತಿಯಂಚಿಗೆ ಧೂಳು ಕೂರದ ಹಾಗೆ ನೋಡಿಕೊಂಡರೆ ಇನ್ನೊಂದು ತಲೆಮಾರಿಗೂ ಉಳಿಯುತ್ತದೆ. ಡಿಜಿಟಲೇ ಬೇಕೆಂದರೆ ಮಿಲಿಗ್ರಾಂ ತೋರಿಸುವ, ಗಾಳಿ ತಡೆಯುವ ಮುಚ್ಚಳವಿರುವ, ಮಟ್ಟ ನೋಡುವ ನೀರಗುಳ್ಳೆ ಇರುವಂಥದು ತಗೋ. ದೊಡ್ಡ ತೂಕ ತಡೆಯುವ ಸ್ಕೇಲು ಸಣ್ಣ ತೂಕಕ್ಕೆ ಒಳ್ಳೆಯದಲ್ಲ. ಮೇಜು ಗಟ್ಟಿಯಿರಲಿ, ಫ್ಯಾನು ಆರಿಸು, ಸ್ಕೇಲು ಹಾಕಿ ಅರ್ಧ ಗಂಟೆ ಬಿಡು. ಶುರು ಮಾಡುವಾಗ ಒಮ್ಮೆ, ನಡುವೆ ಒಮ್ಮೆ, ಮುಗಿಸುವಾಗ ಒಮ್ಮೆ ಬಟ್ಟು ಇಟ್ಟು ನೋಡು. ಕೊನೆಯ ಸಲ ತಪ್ಪು ಬಂದರೆ ಆ ದಿನ ಮಾಡಿದ್ದೆಲ್ಲವನ್ನೂ ಬಿಚ್ಚಿಹಾಕು.

ಕೊನೆಯದಾಗಿ, ಎಷ್ಟೇ ಒಳ್ಳೆಯ ಸ್ಕೇಲು ಇದ್ದರೂ ಒಂದೇ ಕವಚಕ್ಕೆ ಎರಡು ಸಲ ಸುರಿದದ್ದನ್ನು ಅದು ಹೇಳುವುದಿಲ್ಲ. ಮುಗಿದ ತೋಟೆಯನ್ನು ತೂಗಿ ಕಂಡುಹಿಡಿಯುತ್ತೇನೆ ಎಂದರೆ ಅದೂ ಆಗದು. ಹಿತ್ತಾಳೆ ಕವಚಗಳ ತೂಕವೇ ಒಂದಕ್ಕಿಂತ ಒಂದು ಹೆಚ್ಚುಕಡಿಮೆ ಇರುತ್ತದೆ. ಗುಂಡು ಕೂರಿಸುವ ಮೊದಲು ಪ್ರತಿಯೊಂದರೊಳಗೂ ಟಾರ್ಚು ಹಾಕಿ ಕಣ್ಣಿನಿಂದ ನೋಡಬೇಕು. ಮಾವನ ಬೆರಳು ಹೋದದ್ದು ಅಳತೆ ತಪ್ಪಿ ಅಲ್ಲ.

ಇಲ್ಲಿರುವ ನಮಗೆ ಒಂದು ಅನುಕೂಲವಿದೆ. ವ್ಯಾಪಾರಕ್ಕೆ ಬಳಸುವ ಎಲೆಕ್ಟ್ರಾನಿಕ್ ಸ್ಕೇಲನ್ನು ವರ್ಷಕ್ಕೊಮ್ಮೆ, ತೋಳಿನ ತ್ರಾಸು ಮತ್ತು ಬಟ್ಟುಗಳನ್ನು ಎರಡು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕೆಂದು ಕಾನೂನಿದೆ. ಮಹಾರಾಷ್ಟ್ರದಲ್ಲಿ ಇದನ್ನು ನೋಡಿಕೊಳ್ಳುವುದು ವೈಧಮಾಪನ ಶಾಸ್ತ್ರ ವಿಭಾಗ. ಪ್ರಮಾಣಪತ್ರವನ್ನು ಅಂಗಡಿಯಲ್ಲಿ ಕಾಣುವಂತೆ ಹಾಕಿರಬೇಕು. ಮುಂದಿನ ಸಲ ಒಂದು ಪವನು ಕೊಳ್ಳಲು ಹೋದಾಗ ಆ ತಾರೀಕು ನೋಡಿ. ನಾಚಿಕೆಪಡದೆ "ಬಟ್ಟು ಇಟ್ಟು ತೋರಿಸಿ" ಎಂದು ಕೇಳಿ. ಒಳ್ಳೆಯ ಅಂಗಡಿಯವರು ಬೇಸರಪಡುವುದಿಲ್ಲ. ಮನೆಯಲ್ಲಿ ಸಣ್ಣ ಸ್ಕೇಲು ಇದ್ದವರು ಒಂದು ಐದು ರೂಪಾಯಿ ನಾಣ್ಯವನ್ನು ಅದರ ಪೆಟ್ಟಿಗೆಯಲ್ಲೇ ಇಟ್ಟು, ಇವತ್ತಿನ ತೂಕ ಬರೆದಿಡಿ. ನಾಣ್ಯ ಸವೆದಿರಬಹುದು, ಹಾಗಾಗಿ ಅದರಿಂದ ನಿಜವಾದ ತೂಕ ತಿಳಿಯದು. ಆದರೆ ಹೋದ ತಿಂಗಳು 5.98 ಎಂದದ್ದು ಈ ತಿಂಗಳು 5.93 ಎಂದರೆ ಬದಲಾದದ್ದು ನಾಣ್ಯವಲ್ಲ ಎಂದು ತಿಳಿಯುತ್ತದೆ.

ಮೊನ್ನೆ ಅಕ್ಕನ ಮಗ ಫೋಟೋ ಕಳಿಸಿದ. ತೋಳಿನ ತ್ರಾಸೊಂದನ್ನು ಕೊಂಡಿದ್ದಾನೆ, ಪಕ್ಕದಲ್ಲಿ ಬಟ್ಟಿನ ಪೆಟ್ಟಿಗೆ. ಅದರ ಮೇಲಿನ ಗೋಡೆಗೆ ಒಂದು ಚೀಟಿ ಅಂಟಿಸಿದ್ದಾನೆ, ಕನ್ನಡದಲ್ಲಿ: "ಗುರುತು ನೋಡು."

ನನ್ನ ಹೆಂಡತಿ ಅದನ್ನು ನೋಡಿ, "ನೀವು ಆ ಬಂಗಾಳಿ ಹುಡುಗನ ವಿಷಯ ನನಗೆ ಇಷ್ಟು ವರ್ಷ ಹೇಳಿರಲಿಲ್ಲ" ಎಂದಳು. ಹೌದು, ಹೇಳಿರಲಿಲ್ಲ.